ಬಾಕ್ಸ್‌ಸ್ಟರ್ ಸಾಕುವುದೋ, ಎಸ್2000 ಸಾಕುವುದೋ

ಎರಡೂ ಇಬ್ಬರು ಕೂರುವ, ಬಟ್ಟೆಯ ಟಾಪಿನ ಸ್ಪೋರ್ಟ್ಸ್ ಕಾರುಗಳು. ಹೊಸದಾಗಿ ಬಂದ ಕಾಲಕ್ಕೆ ಅಮೆರಿಕದಲ್ಲಿ ಹೋಂಡಾ ಎಸ್2000 ಬೆಲೆ ಸುಮಾರು 32,000 ಡಾಲರ್, ಪೋರ್ಷೆ ಬಾಕ್ಸ್‌ಸ್ಟರ್ ಬೆಲೆ 40,000 ಡಾಲರಿನ ಆಸುಪಾಸು. ಇವತ್ತು ಲೆಕ್ಕ ತಿರುಗುಮುರುಗಾಗಿದೆ. ಒಳ್ಳೆಯ 986 ಬಾಕ್ಸ್‌ಸ್ಟರ್ (1997ರಿಂದ 2004ರವರೆಗಿನ ಮೊದಲ ತಲೆಮಾರಿನ ಮಾಡೆಲ್) ಒಂದಕ್ಕೆ ಕೊಡುವ ಹಣದ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಕೊಟ್ಟರೆ ಮಾತ್ರ ಅದೇ ಸ್ಥಿತಿಯ ಎಸ್2000 ಸಿಗುತ್ತದೆ. ಬೇ ಏರಿಯಾ, ಡಲ್ಲಾಸ್, ನ್ಯೂಜೆರ್ಸಿ ಕಡೆಯ ನಮ್ಮವರು ಈ ಎರಡು ಗಾಡಿಗಳ ನಡುವೆ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಬೆಂಗಳೂರಿಗೆ ತರುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ: ಮೂರು ವರ್ಷಕ್ಕಿಂತ ಹಳೆಯ, ಎಡಗಡೆ ಸ್ಟಿಯರಿಂಗ್ ಇರುವ ಬಳಸಿದ ಕಾರನ್ನು ಆಮದು ಮಾಡಿಕೊಳ್ಳಲು ನಮ್ಮ ನಿಯಮ ಬಿಡುವುದಿಲ್ಲ.

ಎರಡರ ಖರ್ಚಿನ ಸ್ವಭಾವವೇ ಬೇರೆ. ಹೋಂಡಾ ಕೊಳ್ಳುವಾಗಲೇ ಹಣ ಕಿತ್ತುಕೊಂಡು ಆಮೇಲೆ ಸುಮ್ಮನಿರುತ್ತದೆ. ಪೋರ್ಷೆ ಕೊಳ್ಳುವಾಗ ನಗುತ್ತಾ ಬಂದು ಆಮೇಲೆ ಕಂತಿನಲ್ಲಿ ಕೇಳುತ್ತದೆ. ಹೋಂಡಾಗೆ ಸುರಿದ ಹಣದಲ್ಲಿ ಬಹುಪಾಲು ಮಾರುವಾಗ ವಾಪಸ್ಸು ಬರುತ್ತದೆ. ಪೋರ್ಷೆಗೆ ಸುರಿದದ್ದು ಮೆಕ್ಯಾನಿಕ್ಕಿನ ಮನೆ ಸೇರುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವ ಲೆಕ್ಕ ಹಾಕುವವರು ಇಲ್ಲಿಂದಲೇ ಶುರುಮಾಡಬೇಕು.

ಬಾಕ್ಸ್‌ಸ್ಟರ್: ಒಂದು ಬೇರಿಂಗಿನ ಕಥೆ

ಬಾಕ್ಸ್‌ಸ್ಟರ್ ಅಂದ ಕೂಡಲೇ ಐಎಮ್‌ಎಸ್ (ಇಂಟರ್ಮೀಡಿಯೇಟ್ ಶಾಫ್ಟ್) ಅಂತ ಹೆದರಿಸುತ್ತಾರೆ. ಹೆದರಿಕೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಂಜಿನ್ನಿನ ಒಳಗೆ ಕ್ರ್ಯಾಂಕ್‌ನಿಂದ ಕ್ಯಾಮ್‌ಗಳಿಗೆ ಚೈನ್ ಮೂಲಕ ತಿರುಗುವಿಕೆ ಸಾಗಿಸುವ ಒಂದು ಮಧ್ಯದ ಶಾಫ್ಟ್ ಇದೆ. ಅದರ ಒಂದು ತುದಿಯಲ್ಲಿ, ಫ್ಲೈವೀಲ್ ಕಡೆ, ಗ್ರೀಸ್ ತುಂಬಿ ಸೀಲ್ ಮಾಡಿದ ಬಾಲ್ ಬೇರಿಂಗ್ ಇದೆ. ವರ್ಷಗಳು ಕಳೆದಂತೆ ಸೀಲ್ ಸಡಿಲವಾಗಿ ಎಂಜಿನ್ ಆಯಿಲ್ ಒಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ನುಗ್ಗಿದ ಆಯಿಲ್ ಅಲ್ಲೇ ನಿಂತು ಹಳಸುತ್ತದೆ. ದಿನಕ್ಕೆ ಎರಡು ಮೈಲಿ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಆಯಿಲ್ ಬಿಸಿಯೇ ಆಗದೆ ನೀರಿನಂಶ ಉಳಿಯುವುದರಿಂದ ಸಮಸ್ಯೆ ಹೆಚ್ಚು. ಕಡಿಮೆ ಓಡಿದ ಗಾಡಿ ಒಳ್ಳೆಯದು ಅನ್ನುವ ಮಾಮೂಲಿ ನಂಬಿಕೆ ಇಲ್ಲಿ ಕೈಕೊಡುತ್ತದೆ. ಬೇರಿಂಗ್ ಪುಡಿಯಾದರೆ ಶಾಫ್ಟ್ ಅಲುಗಾಡಿ, ಚೈನ್ ಹಲ್ಲು ತಪ್ಪಿ, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ. ಬೇರೆ ಎಂಜಿನ್ ಕೂರಿಸುವ ಖರ್ಚು ಗಾಡಿಯ ಬೆಲೆಯನ್ನೇ ಮೀರುತ್ತದೆ.

ಯಾವ ವರ್ಷದ ಗಾಡಿ ಅನ್ನುವುದು ಮುಖ್ಯ. 1999ರವರೆಗಿನವುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇದೆ, ಗಟ್ಟಿ. 2000, 2001ರಲ್ಲಿ ಎರಡೂ ಬಗೆ ಬೆರೆತಿವೆ. ಅಲ್ಲಿಂದ 2005ರವರೆಗೆ ಒಂಟಿ ಸಾಲು. ಅಮೆರಿಕದಲ್ಲಿ ಇದರ ಮೇಲೆ ನಡೆದು 2013ರಲ್ಲಿ ಇತ್ಯರ್ಥವಾದ ಸಾಮೂಹಿಕ ಮೊಕದ್ದಮೆಯ ಸಂದರ್ಭದಲ್ಲಿ ಓಡಾಡಿದ, ಬೇರಿಂಗ್ ಹಾಳಾದ ಗಾಡಿಗಳ ಅಂಕಿ ಒಂಟಿ ಸಾಲಿಗೆ ಸುಮಾರು ಶೇ. 8, ಎರಡು ಸಾಲಿಗೆ ಶೇ. 1. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಗಾಡಿಗಳಿಗೆ ಏನೂ ಆಗಿಲ್ಲ. 2006ರಿಂದ 2008ರವರೆಗಿನ 987ರಲ್ಲಿ (986ರ ನಂತರದ ಮಾಡೆಲ್) ಬೇರಿಂಗ್ ದೊಡ್ಡದು, ಹಾಳಾಗುವುದು ಅಪರೂಪ. ಆದರೆ ಅದು ಎಂಜಿನ್ ಕೇಸಿನ ತೂತಿಗಿಂತ ಅಗಲವಾಗಿರುವುದರಿಂದ ಬದಲಾಯಿಸಬೇಕೆಂದರೆ ಎಂಜಿನ್ ಬಿಚ್ಚಿ ಎರಡು ಹೋಳು ಮಾಡಬೇಕು. 2009ರಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ.

2005ರವರೆಗಿನ ಗಾಡಿಯಲ್ಲಿ ಬೇರಿಂಗ್ ಬದಲಾಯಿಸಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಇಳಿಸಬೇಕು. ಅದಕ್ಕಾಗಿಯೇ ಕ್ಲಚ್ ಕೆಲಸದ ಜೊತೆಗೆ ಇದನ್ನೂ, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲನ್ನೂ ಮುಗಿಸಿಬಿಡುತ್ತಾರೆ. ಸ್ವತಂತ್ರ ಗ್ಯಾರೇಜಿನಲ್ಲಿ ಎಲ್ಲ ಸೇರಿ 2,500ರಿಂದ 4,000 ಡಾಲರ್ ಇಟ್ಟುಕೊಳ್ಳಿ. ಎರಡು ಕಡೆ ಹುಷಾರಾಗಿರಬೇಕು. ಮೊದಲನೆಯದು, ಬೇರಿಂಗನ್ನು ಹಿಡಿದಿರುವ ಮುಚ್ಚಳ (ಫ್ಲ್ಯಾಂಜ್) ಬಿಚ್ಚುವ ಮುನ್ನ ಕ್ರ್ಯಾಂಕ್ ಮತ್ತು ಕ್ಯಾಮ್ ಲಾಕ್ ಮಾಡಿ, ಚೈನನ್ನು ಬಿಗಿಯಾಗಿಡುವ ಟೆನ್ಷನರ್‌ಗಳನ್ನು ಸಡಿಲಿಸದಿದ್ದರೆ ಶಾಫ್ಟ್ ಒಂದು ಕಡೆಗೆ ಎಳೆದುಕೊಂಡು ಟೈಮಿಂಗ್ ತಪ್ಪುತ್ತದೆ. ಎರಡನೆಯದು, ಆಯಿಲ್ ಫಿಲ್ಟರಿನಲ್ಲಿ ಆಗಲೇ ಲೋಹದ ಚೂರು ಕಂಡಿದ್ದರೆ ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ. ಆ ಚೂರು ಎಂಜಿನ್ ತುಂಬ ಹರಡಿರುತ್ತದೆ, ಹೊಸದನ್ನೂ ತಿನ್ನುತ್ತದೆ.

ಆದ್ದರಿಂದ ಬಾಕ್ಸ್‌ಸ್ಟರ್ ಇಟ್ಟುಕೊಂಡವರು ಮರೆಯಬಾರದ ಅಭ್ಯಾಸವೆಂದರೆ ಪ್ರತಿ ಆಯಿಲ್ ಬದಲಾವಣೆಯಲ್ಲಿ ಫಿಲ್ಟರ್ ಬಿಡಿಸಿ ನೋಡುವುದು. ಕಾಗದದ ಮಡಿಕೆಗಳನ್ನು ಬೆರಳಿನಿಂದ ಒಂದೊಂದಾಗಿ ಅಗಲಿಸಿ, ಬೆಳಕಿಗೆ ಹಿಡಿದು, ಮಿನುಗುವ ಚೂರು ಕಂಡರೆ ಅಯಸ್ಕಾಂತ ಹತ್ತಿರ ತನ್ನಿ. ಅಂಟಿಕೊಂಡರೆ ಉಕ್ಕು, ಬೇರಿಂಗಿನ ಮೇಲೆ ಅನುಮಾನ. ಅಂಟದೆ ಹೊಳೆದರೆ ಅಲ್ಯೂಮಿನಿಯಂ. ಕಂದು ಬಣ್ಣದ ಪ್ಲಾಸ್ಟಿಕ್ ತುಣುಕಾದರೆ, 2002ರವರೆಗಿನ ಎಂಜಿನ್ನಿನ ಚೈನ್ ಟೆನ್ಷನರ್ ಪ್ಯಾಡುಗಳು ಸವೆಯುತ್ತಿವೆ ಎಂದರ್ಥ. ಎಂಟು ಲೀಟರ್ ಆಚೀಚೆ ಆಯಿಲ್ ಹಿಡಿಯುವ ಎಂಜಿನ್ ಇದು. ಆರು ತಿಂಗಳು ಅಥವಾ 5,000 ಮೈಲಿಗೊಮ್ಮೆ ಬದಲಾಯಿಸಿದರೆ ಒಳ್ಳೆಯದು. ಖರ್ಚು ಹೋಂಡಾದ ಎರಡು ಪಟ್ಟು.

ಉಳಿದ ಕಾಯಿಲೆಗಳು ಸಣ್ಣವು, ಆದರೆ ಸಾಲುಗಟ್ಟಿ ಬರುತ್ತವೆ. ಕೂಲೆಂಟ್ ಟ್ಯಾಂಕಿನ ಪ್ಲಾಸ್ಟಿಕ್ ಬಿರುಕು ಬಿಟ್ಟು ಹಿಂದಿನ ಡಿಕ್ಕಿಯ ಕಾರ್ಪೆಟ್ ಒದ್ದೆಯಾಗುತ್ತದೆ. ಎಂಜಿನ್ ಶುರುವಾದೊಡನೆ ಬಿಳಿ ಹೊಗೆ ಮೋಡದಂತೆ ಎದ್ದರೆ ಎಂಜಿನ್ನಿನ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರಿನ ಪೊರೆ ಹರಿದಿದೆ. ನೀರಿನ ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರ್ ಒಡೆದು ಅದರ ಚೂರು ಕೂಲೆಂಟ್ ದಾರಿಗೆ ಹೋಗುತ್ತದೆ. ಎಂಜಿನ್ ನಡುವೆ, ರೇಡಿಯೇಟರ್ ಮುಂದೆ. ಹಾಗಾಗಿ ಉದ್ದನೆಯ ಪೈಪುಗಳಲ್ಲಿ ಹದಿನೈದು ಲೀಟರ್ ಮೀರಿದ ಕೂಲೆಂಟ್. ವ್ಯಾಕ್ಯೂಮ್ ಉಪಕರಣವಿಲ್ಲದೆ ತುಂಬಿಸಿದರೆ ಗಾಳಿ ಸಿಕ್ಕಿಕೊಂಡು ಎಂಜಿನ್ ಕಾಯುತ್ತದೆ. ಮುಂದಿನ ಬಂಪರಿನ ಎರಡೂ ಬಾಯಿಗಳಲ್ಲಿ ಒಣ ಎಲೆ ತುಂಬಿ ಕೊಳೆತು ಎಸಿ ಕಂಡೆನ್ಸರ್ ತೂತು ಬೀಳುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಎಲೆ ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ, ಹೊಸ ಕಂಡೆನ್ಸರಿನ ಖರ್ಚಿನ ಮುಂದೆ ಏನೂ ಅಲ್ಲ.

ಮಳೆನೀರಿನದು ಬೇರೆಯೇ ತಲೆನೋವು. ಬಟ್ಟೆಯ ಟಾಪು ಮಡಿಚುವ ಜಾಗದ ಎರಡೂ ಬದಿಗೆ ನೀರು ಇಳಿಯುವ ಕೊಳವೆಗಳಿವೆ. ಅವು ಕಟ್ಟಿಕೊಂಡರೆ ನೀರು ಸೀದಾ ನೆಲಕ್ಕೆ ಬರುತ್ತದೆ, ಡ್ರೈವರ್ ಸೀಟಿನ ಅಡಿ ಇರುವ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಪೆಟ್ಟಿಗೆ ನೆನೆದು ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ. ಕೊಳವೆ ಬಿಡಿಸಲು ಕಂಪ್ರೆಸರ್ ಗಾಳಿ ಊದಬೇಡಿ, ಕೆಳಗಿನ ಜೋಡಣೆ ಕಳಚಿಕೊಳ್ಳುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ಎರಡಡಿ ಸಾಕು.

ಎಸ್2000: ಹೊರಗೆ ಸರಳ, ಒಳಗೆ ಹಟ

ಇದರ ಬಾನೆಟ್ ತೆಗೆದರೆ ಎಲ್ಲ ಕಣ್ಣೆದುರಿಗೇ ಇದೆ. (ಬಾಕ್ಸ್‌ಸ್ಟರಿನಲ್ಲಿ ಬೆಲ್ಟ್ ನೋಡಬೇಕಾದರೂ ಸೀಟಿನ ಹಿಂದಿನ ಕಾರ್ಪೆಟ್ ಕಿತ್ತು ಲೋಹದ ಹಲಗೆ ಬಿಚ್ಚಬೇಕು.) ಆಯಿಲ್ ಫಿಲ್ಟರ್ ಸಮೇತ ಸುಮಾರು 4.8 ಲೀಟರ್, ಗೇರ್‌ಬಾಕ್ಸಿಗೆ ಒಂದೂವರೆ ಲೀಟರ್, ಹಿಂದಿನ ಡಿಫರೆನ್ಷಿಯಲ್‌ಗೆ ಅದಕ್ಕಿಂತಲೂ ಕಡಿಮೆ. ಹೋಂಡಾ ಕೆಲಸ ಬಲ್ಲ ಯಾವ ಮೆಕ್ಯಾನಿಕ್ಕಾದರೂ ಕೈಹಾಕಬಹುದು. ಟೈಮಿಂಗ್‌ಗೆ ಬೆಲ್ಟ್ ಅಲ್ಲ, ಚೈನ್. ಆ ಖರ್ಚು ಇಲ್ಲ.

ಆದರೆ ಎಪಿ1ರ (ಎಸ್2000ದ ಮೊದಲ ಆವೃತ್ತಿ) 2.0 ಲೀಟರ್ ಎಂಜಿನ್ 9,000ದ ಹತ್ತಿರ ಆರ್‌ಪಿಎಮ್ ಏರುವಂಥದ್ದು, ಹಿಂದಿನ ಮಾಲೀಕ ಅದನ್ನು ಹೇಗೆ ಓಡಿಸಿದ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೇಲಿನ ಗೇರಿನಿಂದ ತಪ್ಪಿ ಎರಡಕ್ಕೆ ಇಳಿಸಿದರೆ ಚಕ್ರವೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತದೆ, ವೇಗ ಮಿತಿ ದಾಟದಂತೆ ಎಂಜಿನ್ನನ್ನು ತಡೆಯುವ ಲಿಮಿಟರ್ ಏನೂ ಮಾಡಲಾರದು. ಆಗ ವಾಲ್ವ್ ಸ್ಪ್ರಿಂಗಿನ ಮೇಲೆ ಕೂತು ಅದನ್ನು ಹಿಡಿದಿಡುವ ರಿಟೇನರ್ ಬಿರುಕು ಬಿಡುತ್ತದೆ. ಅವತ್ತು ಏನೂ ಗೊತ್ತಾಗುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ದಿನ ವಾಲ್ವ್ ಕಳಚಿ ಸಿಲಿಂಡರಿಗೆ ಬೀಳುತ್ತದೆ. ಎಪಿ1 ಕೊಳ್ಳುವ ಮುಂಚೆ ರಾಕರ್ ಕವರ್ ತೆಗೆಸಿ 16 ರಿಟೇನರುಗಳನ್ನೂ ಟಾರ್ಚ್ ಹಿಡಿದು ನೋಡಿ: ನಡುವೆ ವಾಲ್ವನ್ನು ಹಿಡಿದಿರುವ ಕೀಪರ್‌ಗಳು ಒಂದರಲ್ಲಿ ಮಾತ್ರ ಒಳಗೆ ಕುಸಿದಂತೆ ಕೂತಿದ್ದರೆ ಆ ಗಾಡಿ ಬಿಡಿ. ಒಪ್ಪದ ಮಾರಾಟಗಾರನನ್ನೂ ಬಿಡಿ. 2004ರಿಂದ ಅಮೆರಿಕಕ್ಕೆ ಬಂದ ಎಪಿ2ರ (ಎರಡನೇ ಆವೃತ್ತಿ) 2.2 ಲೀಟರ್ ಎಂಜಿನ್ನಿನ ರಿಟೇನರ್ ಇನ್ನೂ ಗಟ್ಟಿ, ಎಪಿ1ಕ್ಕೂ ಅದನ್ನೇ ಹಾಕಿಸುವವರಿದ್ದಾರೆ.

ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್ ಮೇಲಿನ ಸಂದು ಸರಿಮಾಡುವುದು) ಇಲ್ಲಿ ಇನ್ನೂ ಕೈಕೆಲಸ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡಿದರೆ ಸರಿ. ಫೀಲರ್ ಗೇಜಿನಲ್ಲಿ ಇನ್‌ಟೇಕ್ 0.21ರಿಂದ 0.25 ಮಿ.ಮೀ., ಎಕ್ಸಾಸ್ಟ್ 0.25ರಿಂದ 0.29. ಗೇಜಿನ ತಗಡು ಸ್ವಲ್ಪ ಹಿಡಿದು ಎಳೆದಂತೆ ಜಾರಬೇಕು. ಎಕ್ಸಾಸ್ಟ್ ಬದಿ ಕಾಲಕ್ರಮೇಣ ಬಿಗಿಯಾಗುತ್ತದೆ. ಬಿಗಿಯಾದ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ, ಶಾಖ ಹೆಡ್ಡಿಗೆ ದಾಟದೆ ಅಂಚು ಸುಡುತ್ತದೆ. ಶಬ್ದ ಮಾಡುವ ಟ್ಯಾಪೆಟ್‌ಗಿಂತ ಶಬ್ದ ಮಾಡದ ಬಿಗಿ ಟ್ಯಾಪೆಟ್ ಅಪಾಯಕಾರಿ. ಪುಸ್ತಕದ ಅವಧಿ ಉದ್ದವಿದ್ದರೂ 30,000 ಮೈಲಿಗೊಮ್ಮೆ ನೋಡಿಸುವುದು ವಾಸಿ.

ಎಂಜಿನ್ ಮುಂಭಾಗದಲ್ಲಿ ಚರಚರ ಸದ್ದು ಬಂದರೆ ಚೈನ್ ಟೆನ್ಷನರ್. ಒಂದು ಗಂಟೆಯೊಳಗೆ ಬದಲಾಯಿಸಬಹುದಾದದ್ದು, ಗಾಬರಿ ಬೇಡ. ಕ್ಲಚ್ ಒತ್ತಿದಾಗ ಗುಂಯ್ ಅಂದರೆ ರಿಲೀಸ್ ಬೇರಿಂಗಿನ ಗೈಡ್ ಒಣಗಿದೆ. ಗ್ರೀಸ್ ಹಚ್ಚಿದರೆ ಸಾಕಾದರೂ ಅಲ್ಲಿಗೆ ತಲುಪಲು ಗೇರ್‌ಬಾಕ್ಸ್ ಇಳಿಸಬೇಕು. ಆಯಿಲ್ ಕುಡಿಯುವ ಸ್ವಭಾವ ಇದಕ್ಕಿದೆ, ಪ್ರತಿ ಎರಡನೇ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ನೋಡಿ. ಮಟ್ಟ ಇಳಿದಿರುವಾಗ ವೇಗವಾಗಿ ತಿರುವು ತೆಗೆದುಕೊಂಡರೆ ಪಂಪಿಗೆ ಆಯಿಲ್ ಸಿಗದೆ ಬೇರಿಂಗ್ ಹೋಗುತ್ತದೆ. ಸಿಲಿಂಡರ್ ಗೋಡೆ ನಾರು ಬೆರೆಸಿದ ವಿಶೇಷ ಲೋಹದ್ದು. ಸಾದಾ ಗಾಡಿಯಂತೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವ ಉಪಾಯ ನಡೆಯುವುದಿಲ್ಲ. ಬಾಕ್ಸ್‌ಸ್ಟರಿನದೂ ಅದೇ ಗತಿ ಅನ್ನುವುದು ಸಮಾಧಾನವಾದರೆ ಆಗಲಿ.

ಹಿಂದಿನ ಚಕ್ರಗಳ ಅಲೈನ್‌ಮೆಂಟ್ ಬೋಲ್ಟುಗಳು ಬುಷ್ಷಿನೊಳಗೆ ತುಕ್ಕು ಹಿಡಿದು ಕೂತುಬಿಡುವುದು ಎಸ್2000ಕ್ಕೆ ಅಂಟಿದ ಶಾಪ. ಹಿಮಕ್ಕೆ ಉಪ್ಪು ಸುರಿಯುವ ರಾಜ್ಯದ ಗಾಡಿಯಾದರೆ ಗ್ಯಾರಂಟಿ. ಆಗ ಕ್ಯಾಂಬರ್ (ಚಕ್ರದ ಓರೆ) ಸರಿಮಾಡಲಾಗದೆ ಟೈರಿನ ಒಳ ಅಂಚು ಮಾತ್ರ ಸವೆಯುತ್ತದೆ. ಹೊರಗಿಂದ ನೋಡಿದರೆ ಟೈರು ಹೊಸದರಂತೆ, ಒಳಗೆ ದಾರ ಕಾಣುತ್ತಿರುತ್ತದೆ. ಬೋಲ್ಟ್ ಕತ್ತರಿಸಿ ಬುಷ್ ಸಮೇತ ಬದಲಾಯಿಸುವುದೇ ದಾರಿ. ಬೋಲ್ಟ್ ಸರಿಯಿದ್ದರೆ ಪ್ರತಿ ಅಲೈನ್‌ಮೆಂಟ್‌ನಲ್ಲೂ ಬಿಚ್ಚಿಸಿ ತುಕ್ಕು ಹಿಡಿದು ಕೂರದಂತೆ ತಡೆಯುವ ಆಂಟಿ-ಸೀಜ್ ಹಚ್ಚಿಸಿ.

ಬಿಡಿಭಾಗ, ಕಳ್ಳರು, ಟೈರು

ಎಲ್ಲರೂ ತಪ್ಪು ತಿಳಿಯುವುದು ಇಲ್ಲಿ. ದುಬಾರಿಯಾದರೂ ಪೋರ್ಷೆ ಭಾಗ ಸಿಗುತ್ತದೆ. ಹಳೆಯ ಗಾಡಿಗಳಿಗಾಗಿಯೇ ಪೋರ್ಷೆ ಕ್ಲಾಸಿಕ್ ವಿಭಾಗ ಇದೆ, 986 ಅದರ ಪಟ್ಟಿಯಲ್ಲಿದೆ. 911ರೊಡನೆ ಹಂಚಿಕೊಂಡ ಭಾಗಗಳೂ ಬೇಕಾದಷ್ಟು. ಎಸ್2000ದಲ್ಲಿ ಎಂಜಿನ್ ಸರ್ವಿಸಿಗೆ ಬೇಕಾದ್ದು ಸಿಗುತ್ತದೆ, ಆದರೆ ಒಳಾಂಗಣದ ಪ್ಲಾಸ್ಟಿಕ್ಕು, ಟ್ರಿಮ್ಮು, ಬಾಡಿಯ ತುಂಡುಗಳು ಒಂದೊಂದಾಗಿ ನಿಂತುಹೋಗುತ್ತಿವೆ. ಈ ಗಾಡಿಗೆ ಸಣ್ಣ ಡಿಕ್ಕಿ ಹೊಡೆದರೂ ಎಂಜಿನ್ ರಿಪೇರಿಗಿಂತ ಹೆಚ್ಚು ಹಣ ಬಾಡಿ ಕೆಲಸಕ್ಕೆ ಬೀಳಬಹುದು. ಸೀಟು, ಗಟ್ಟಿ ಛಾವಣಿ ಕದಿಯುವವರೂ ಇದ್ದಾರೆ. ಇನ್ಶೂರೆನ್ಸ್ ಮಾಡಿಸುವಾಗ ಮೊದಲೇ ಒಪ್ಪಿದ ಮೌಲ್ಯದ ಪಾಲಿಸಿಯನ್ನೇ ಕೇಳಿ.

ಪೆಟ್ರೋಲಿನಲ್ಲಿ ವ್ಯತ್ಯಾಸವೇನಿಲ್ಲ: ಎರಡಕ್ಕೂ ಪ್ರೀಮಿಯಂ, ಎರಡೂ ಲೀಟರಿಗೆ ಹತ್ತು ಕಿಲೋಮೀಟರ್ ಆಚೀಚೆ. ಟೈರಿನ ಖರ್ಚೂ ಸರಿಸುಮಾರು ಅಷ್ಟೇ.

ದಿನಾ ಆಫೀಸಿಗೆ, ವಾರಾಂತ್ಯಕ್ಕೆ ಇಬ್ಬರ ಸಾಮಾನು ತುಂಬಿಕೊಂಡು ಹೋಗಲು ಬಾಕ್ಸ್‌ಸ್ಟರೇ ಮೇಲು. ಮುಂದೊಂದು, ಹಿಂದೊಂದು ಡಿಕ್ಕಿ, ಹೈವೇಯಲ್ಲಿ ಕಿವಿ ತಿನ್ನುವುದಿಲ್ಲ. ಎಸ್2000ದಲ್ಲಿ ಎರಡು ಗಂಟೆ ಕೂತರೆ ಎಂಜಿನ್ ಗದ್ದಲ ತಲೆಯಲ್ಲೇ ಉಳಿಯುತ್ತದೆ. ಆದರೆ ಪ್ರಶ್ನೆ ಹತ್ತು ವರ್ಷದ ಖರ್ಚಿನದಾದರೆ ನಮ್ಮ ಆಯ್ಕೆ 2004, 2005ರ ಎಪಿ2, ಕೈಯಲ್ಲಿ ಅಷ್ಟು ಹಣವಿದ್ದರೆ. ಇಲ್ಲದಿದ್ದರೆ ಸಾಲ ಮಾಡಿ ಅದನ್ನು ಕೊಳ್ಳುವ ಬದಲು ಕ್ಲಚ್ ಮತ್ತು ಬೇರಿಂಗ್ ಕೆಲಸದ ಬಿಲ್ಲು ಇರುವ 986 ಹುಡುಕಿ. ಸ್ವಲ್ಪ ಹೆಚ್ಚು ಹಾಕಬಲ್ಲವರಿಗೆ 2009ರಿಂದೀಚಿನ 987. ಬಿಲ್ಲಿಲ್ಲದ ಬಾಕ್ಸ್‌ಸ್ಟರ್ ಅಂದರೆ ನೀರೊಳಗಿನ ಎಮ್ಮೆಗೆ ವ್ಯಾಪಾರ ಕುದುರಿಸಿದಂತೆ.

ನೋಡಲು ಹೋದಾಗ ಎರಡಕ್ಕೂ ಒಂದೇ ಮಾತು: ಮಾರುವವನಿಗೆ ಎಂಜಿನ್ ಮೊದಲೇ ಬಿಸಿ ಮಾಡಬೇಡ ಅನ್ನಿ. ತಣ್ಣಗಿರುವಾಗಿನ ಮೊದಲ ಹತ್ತು ಸೆಕೆಂಡಿನ ಸದ್ದು, ಹೊಗೆ ಕೇಳಿಸಿಕೊಳ್ಳಿ, ನೋಡಿ. ಬಾಕ್ಸ್‌ಸ್ಟರ್ ಆದರೆ ಆಮೇಲೆ ಲಿಫ್ಟಿಗೆ ಏರಿಸಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗೆ ಬೆರಳಾಡಿಸಿ. ಒಣಗಿದ್ದರೆ ಸರಿ, ಎಣ್ಣೆ ಹತ್ತಿದರೆ ಕ್ಲಚ್ ಕೆಲಸದಷ್ಟು ಹಣ ಕಡಿಮೆ ಮಾಡಿಸಿಯೇ ಮಾತು ಮುಂದುವರಿಸಿ.