ಮಗು ಹುಟ್ಟಿದ ಮೇಲೆ ಆನ್‌ಲೈನ್‌ನಲ್ಲಿ ಮಾಡಿಸಿದ ವಿಲ್: ಮೂರು ವರ್ಷದ ಅನುಭವ

ಬಾಣಂತನ ಮುಗಿಸಿ ಮೈಸೂರಿನ ಮನೆಗೆ ಬಂದ ತಿಂಗಳಲ್ಲೇ ನಾವಿಬ್ಬರೂ ವಿಲ್ ಮಾಡಿಸಿದೆವು. ಆನ್‌ಲೈನ್ ಸೇವೆಯೊಂದರಿಂದ, ಇಬ್ಬರಿಗೂ ಸೇರಿ ಸುಮಾರು 9,000 ರೂಪಾಯಿ. "ಕೂಸಿರೋ ಮನೇಲಿ ಇದೆಂಥಾ ಮಾತು" ಅಂತ ಅತ್ತೆ ಬೇಜಾರು ಮಾಡಿಕೊಂಡರು. ಈಗ ಮೂರು ವರ್ಷವಾಯ್ತು, ನಡುವೆ ಮಗನೂ ಹುಟ್ಟಿದ. ಹಾಗಾಗಿ ಇದರ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತಾಗಿದೆ.

ಮೊದಲು ಒಳ್ಳೆಯದು. ಅವರ ಪ್ರಶ್ನೆಗಳು ನಿಜವಾಗಿಯೂ ಚೆನ್ನಾಗಿದ್ದವು. ವಿಲ್ ಇಲ್ಲದಿದ್ದರೂ ಎಲ್ಲಾ ಹೆಂಡತಿಗೇ ಬರುತ್ತೆ ಅಲ್ವಾ ಅಂತ ನಮ್ಮವರು ತಿಳಿದಿದ್ದರು. ಹಾಗಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು, ಅವನ ತಾಯಿ ಎಲ್ಲರಿಗೂ ಸಮಪಾಲು. ಮಗುವಿನ ಪಾಲಿಗೆ ಬಂದ ಸೈಟನ್ನು ಮಾರಬೇಕಾದರೆ ಹೆತ್ತ ತಾಯಿಯೂ ಕೋರ್ಟಿನ ಅನುಮತಿ ಪಡೆಯಬೇಕು.

ನಮ್ಮನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಗಾರ್ಡಿಯನ್ ಪ್ರಶ್ನೆ. ನಾವಿಬ್ಬರೂ ಇಲ್ಲವಾದರೆ ಮಗಳನ್ನು ಯಾರು ಸಾಕಬೇಕು? ತಂಗಿಯನ್ನು ಕೇಳಿದಾಗ ಅವಳು ನಮ್ಮ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಕೈ ಹಾಗೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "ಬರ್ಕೋ ಅಕ್ಕ. ನನ್ ಮಕ್ಕಳ ಜೊತೆ ಬೆಳೀತಾಳೆ. ಆದ್ರೆ ದುಡ್ಡಿನ ಲೆಕ್ಕ ಮಾತ್ರ ಬೇರೆಯವರಿಗೆ ಕೊಡು" ಅಂದಳು. ಎಷ್ಟು ಸರಿಯಾದ ಮಾತು! ಮಗುವನ್ನು ನೋಡಿಕೊಳ್ಳಲು ಒಬ್ಬರು, ಅದರ ಆಸ್ತಿಗೆ ಇನ್ನೊಬ್ಬರು ಅಂತ ಬರೆಯಬಹುದು. ಆಸ್ತಿಗೆ ಮೈದುನನ ಹೆಸರು ಹಾಕಿದೆವು. ಇನ್ನೊಂದು ವಿಷಯ: ತಂದೆ ಮೊದಲು ತೀರಿಕೊಂಡರೆ, ತಾಯಿ ಇರುವ ತನಕ ಅವನು ಬರೆದ ಗಾರ್ಡಿಯನ್ ಹೆಸರು ನಡೆಯುವುದಿಲ್ಲ. ತಾಯಿ ತನ್ನ ವಿಲ್‌ನಲ್ಲಿ ಬೇರೆ ಹೆಸರು ಬರೆದಿದ್ದರೆ ಆಮೇಲೂ ಅವಳು ಬರೆದದ್ದೇ ನಡೆಯುತ್ತದೆ. ಅದಕ್ಕೇ ಇಬ್ಬರ ವಿಲ್‌ನಲ್ಲೂ ಒಂದೇ ಹೆಸರಿರಲಿ.

ಇನ್ನು ತೊಂದರೆಗಳು. ಸಾಕ್ಷಿ ವಿಚಾರದಲ್ಲಿ ಅವರ ಸಹಾಯವಾಣಿ ನಮ್ಮನ್ನು ದಾರಿ ತಪ್ಪಿಸಿತು. ನೀವು ಸಹಿ ಮಾಡಿ ಸ್ನೇಹಿತರಿಗೆ ಕೊರಿಯರ್ ಮಾಡಿ, ಅವರು ಸಹಿ ಹಾಕಿ ಕಳಿಸಿದರೆ ಸಾಕು ಅಂದರು. ಹಾಗೇ ಮಾಡಿದೆವು. ಆಮೇಲೆ ಪರಿಚಯದ ವಕೀಲರು ನೋಡಿ, ಇದು ನಿಲ್ಲಲ್ಲ ಅಂದರು. ಇಬ್ಬರು ಸಾಕ್ಷಿಗಳಾದರೂ ಬೇಕು. ನಾವು ಸಹಿ ಮಾಡುವುದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲವೇ ಇದು ನಮ್ಮದೇ ಸಹಿ ಅಂತ ನಾವೇ ಅವರಿಗೆ ಹೇಳಿರಬೇಕು. ಅವರ ಸಹಿ ನಮ್ಮ ಕಣ್ಣೆದುರೇ ಆಗಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿಯಾಗಿ ಕರೆಯದಿರುವುದು ಒಳ್ಳೆಯದು. ಎಲ್ಲಾ ಹೊಸದಾಗಿ ಪ್ರಿಂಟ್ ತೆಗೆದು, ಪಕ್ಕದ ಮನೆಯ ದಂಪತಿಯನ್ನು ಕೂರಿಸಿಕೊಂಡು ಮತ್ತೆ ಸಹಿ ಮಾಡಿದೆವು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ರಿಜಿಸ್ಟರ್ ಕಡ್ಡಾಯವಲ್ಲ. ನಾವು ಮಾಡಿಸಿದೆವು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೆಬ್ಬೆಟ್ಟು ಒತ್ತಿದೆ. ಮಸಿ ಅವಳ ಬಿಳಿ ಟೋಪಿಗೂ ತಾಗಿತು. ಆ ಟೋಪಿ ಈಗಲೂ ಇದೆ.

ಎರಡನೇ ತೊಂದರೆ ಮಗ ಹುಟ್ಟಿದಾಗ ಗೊತ್ತಾಯಿತು. ವಿಲ್‌ನಲ್ಲಿ ಮಗಳ ಹೆಸರು ಮಾತ್ರ ಇತ್ತು. ತಿದ್ದಲು ಮತ್ತೆ ಚಂದಾ ಕಟ್ಟಿ ಅಂದರು. "ಮುಂದೆ ಹುಟ್ಟುವ ಮಕ್ಕಳಿಗೂ" ಅನ್ನುವ ಒಂದು ಸಾಲು ಮೊದಲೇ ಹಾಕಿದ್ದರೆ ಇದು ಬೇಕೇ ಇರಲಿಲ್ಲ. ಹೊಸ ಅಪ್ಪ ಅಮ್ಮಂದಿರಿಗೆ ಅಂತಲೇ ಮಾರುವ ಸೇವೆಯಲ್ಲಿ ಇದು ದೊಡ್ಡ ಲೋಪ. ನಾವು ಅದೇ ವಕೀಲರಿಂದ ಹೊಸ ವಿಲ್ ಬರೆಸಿ, ಹಳೆಯದು ರದ್ದು ಅಂತ ಅದರಲ್ಲೇ ಸೇರಿಸಿದೆವು.

ನಾಮಿನಿ ಬಗ್ಗೆಯೂ ಅವರು ಏನೂ ಹೇಳಲಿಲ್ಲ. ಷೇರಿಗೆ ನಾಮಿನಿಯಾದವರು ಅದರ ಒಡೆಯರಾಗುವುದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ಶೂರೆನ್ಸ್‌ಗೆ ಮಗುವನ್ನೇ ನಾಮಿನಿ ಮಾಡಿದ್ದರೆ, ಹಣ ತೆಗೆದುಕೊಳ್ಳಲು ದೊಡ್ಡವರೊಬ್ಬರ ಹೆಸರನ್ನೂ ಅಲ್ಲೇ ಬರೆಸಿ.

ಐದಕ್ಕೆ ಮೂರು ಕೊಡುತ್ತೇನೆ. ಆ ಪ್ರಶ್ನೆಗಳಿಗೆ ಪೂರ್ತಿ ಅಂಕ, ಉಳಿದದ್ದಕ್ಕೆ ಇಲ್ಲ. ಈ ವರ್ಷ ಚಂದಾ ಕಟ್ಟಿಲ್ಲ. ಹೊಸ ವಿಲ್ ಬೀರುವಿನ ಮೇಲಿನ ಅರೆಯಲ್ಲಿ, ಮಕ್ಕಳ ಜನನ ಪ್ರಮಾಣಪತ್ರದ ಫೈಲಿನಲ್ಲಿದೆ. ಬೀಗದ ಕೈ ಎಲ್ಲಿದೆ ಅಂತ ತಂಗಿಗೆ ಗೊತ್ತು.