ತಾರಸಿಯ ಮೇಲೆ ಆರ್15ಕ್ಕೆ ಬಣ್ಣ: 2ಕೆ ಕ್ಲಿಯರ್ ಡಬ್ಬಿ ಮತ್ತು ಬಣ್ಣ ಬೆರೆಸಿಕೊಟ್ಟ ಅಂಗಡಿ

ಕಳೆದ ನವೆಂಬರಿನಲ್ಲಿ ಮಂಡ್ಯದ ಪರಿಚಿತರೊಬ್ಬರಿಂದ ನಾನು ಕೊಂಡ ಬೈಕು 2012ರ ಯಮಹಾ ಆರ್15ರ ಎರಡನೆಯ ಆವೃತ್ತಿ. ಬಣ್ಣ ರೇಸಿಂಗ್ ನೀಲಿ, ನೋಂದಣಿ ಕೆಎ-11. ನೀರಿನಿಂದ ತಣಿಯುವ ಅದರ 149 ಸಿಸಿ ಎಂಜಿನ್ ಸೆಲ್ಫ್ ಒತ್ತಿದ ಕೂಡಲೇ ಸ್ಟಾರ್ಟ್ ಆಯಿತು, ಆರೂ ಗೇರುಗಳು ಸಲೀಸಾಗಿ ಬಿದ್ದವು, ದ್ವಿಚಕ್ರ ವಾಹನಗಳಿಗೆ ಹೆದ್ದಾರಿಯ ಮುಖ್ಯಪಥದಲ್ಲಿ ಅವಕಾಶವಿಲ್ಲದ ಕಾರಣ ಸರ್ವಿಸ್ ರಸ್ತೆಯ ಹಂಪುಗಳನ್ನೆಲ್ಲ ಹತ್ತಿ ಇಳಿದು ಮೈಸೂರು ಸೇರುವವರೆಗೆ ಎಲ್ಲಿಯೂ ತಕರಾರು ಮಾಡಲಿಲ್ಲ. ಮೈ ಮಾತ್ರ ನೋಡುವಂತಿರಲಿಲ್ಲ. ಎಡಗಡೆಯ ಫೇರಿಂಗ್, ಅಂದರೆ ಎಂಜಿನ್ನಿನ ಪಕ್ಕವನ್ನು ಮುಚ್ಚುವ ಪ್ಲಾಸ್ಟಿಕ್ ಕವಚ, ಯಾವಾಗಲೋ ಬಿದ್ದು ಉಜ್ಜಿಹೋಗಿತ್ತು, ಅದರ ಎರಡು ಲಾಕ್‌ಗಳು ಮುರಿದಿದ್ದವು, ಟ್ಯಾಂಕಿನ ಮೇಲಿನ ಹೊಳಪಿನ ಪದರ ಹಾವಿನ ಪೊರೆಯಂತೆ ಎದ್ದು ಬರುತ್ತಿತ್ತು. ಪೂರ್ತಿ ಬಣ್ಣ ಹೊಡೆಯಲು ಒಂದು ಗ್ಯಾರೇಜಿನವರು 11,000 ರೂಪಾಯಿ ಹೇಳಿದರು. ಅಷ್ಟು ಕೊಡುವ ಬದಲು ನಾನೇ ಮಾಡಿದರೇನು ಎಂಬ ಹುಮ್ಮಸ್ಸಿನಲ್ಲಿ ಆರಂಭಿಸಿದ ಕೆಲಸಕ್ಕೆ ಎರಡು ವಸ್ತುಗಳು ಆಧಾರವಾದವು: ಒಂದು, ಬಣ್ಣದ ಮೇಲೆ ಹೊಳಪಿನ ಪಾರದರ್ಶಕ ಪದರ ಹಾಕುವ 2ಕೆ ಕ್ಲಿಯರ್ ಎಂಬ ಸ್ಪ್ರೇ ಡಬ್ಬಿ, ಇನ್ನೊಂದು, ಕೇಳಿದ ಬಣ್ಣವನ್ನು ಬೆರೆಸಿ ಡಬ್ಬಿಗೆ ತುಂಬಿಕೊಡುವ ಲಷ್ಕರ್ ಮೊಹಲ್ಲಾದ ಒಂದು ಅಂಗಡಿ. ಈ ವಿಮರ್ಶೆ ಅವೆರಡರ ಕುರಿತದ್ದು. ಅಂಗಡಿಯ ಮೇಲೆ ನನ್ನದೊಂದು ದೂರು ಇರುವುದರಿಂದ ಅದರ ಹೆಸರು ಬರೆಯುತ್ತಿಲ್ಲ.

ಮೊದಲು ಅಂಗಡಿಯ ಮಾತು. ವಾಹನದ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ, ಅದನ್ನು ಬದಲಿಸಿದರೆ ಆರ್‌ಟಿಒ ಕಚೇರಿಗೆ ಅಲೆದಾಟ ತಪ್ಪುವುದಿಲ್ಲ. ಆದ್ದರಿಂದ ನೀಲಿಯನ್ನು ನೀಲಿಯಾಗಿಯೇ ಉಳಿಸಲು ನಿರ್ಧರಿಸಿದ್ದೆ. ಕಂಪನಿಯ ಬಣ್ಣದ ಕೋಡನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಗಲ್ಲೆಯ ಮೇಲೆ ಇಟ್ಟಾಗ ಅಂಗಡಿಯವರು ಅದನ್ನು ನೋಡುವ ಮೊದಲೇ, "ಪೂರ್ತಿ ಗಾಡಿ ಹೊಡೀತೀರಾ ಸಾರ್, ಇಲ್ಲ ಒಂದೇ ಪೀಸಾ?" ಎಂದು ಕೇಳಿದರು. ಈ ಒಂದು ಪ್ರಶ್ನೆಯಿಂದಲೇ ಅವರು ಕೆಲಸ ಬಲ್ಲವರೆಂದು ನನಗೆ ಅನ್ನಿಸಿತು. ಪೂರ್ತಿ ಹೊಡೆಯುವುದಾದರೆ ಕೋಡಿನ ಬಣ್ಣ ಸಾಕು. ಒಂದೇ ಭಾಗವಾದರೆ ಹತ್ತು ಹನ್ನೆರಡು ವರ್ಷ ಬಿಸಿಲು ತಿಂದ ಪಕ್ಕದ ಭಾಗದ ಜೊತೆ ಹೊಂದಬೇಕು, ಅದಕ್ಕೆ ಕೋಡು ಉಪಯೋಗಕ್ಕೆ ಬಾರದು. ನನ್ನದು ಪೂರ್ತಿ ಗಾಡಿ ಎಂದಮೇಲೂ ಅವರು ಒಂದು ಭಾಗ ತರಲು ಹೇಳಿದರು. ಮರುದಿನ ನಾನು ಸೀಟಿನ ಕೆಳಗೆ ಬಿಸಿಲು ಕಾಣದೆ ಉಳಿದಿದ್ದ ಅಂಚೊಂದಿರುವ ಹಿಂಬದಿಯ ಫಲಕವನ್ನು ಒಯ್ದೆ. ಬೆರೆಸಿದ ಬಣ್ಣವನ್ನು ರಟ್ಟಿನ ಮೇಲೆ ಹೊಡೆದು, ಒಣಗಿಸಿ, ಕ್ಲಿಯರ್ ಹಾಕಿ, ನನ್ನನ್ನು ಬೀದಿಗೆ ಕರೆದುಕೊಂಡು ಹೋಗಿ ಮೊದಲು ಬಿಸಿಲಿನಲ್ಲಿ, ಆಮೇಲೆ ನೆರಳಿನಲ್ಲಿ, ಕೊನೆಗೆ ರಟ್ಟನ್ನು ಓರೆಯಾಗಿ ಹಿಡಿದು ತೋರಿಸಿದರು. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಕಣಗಳಿರುವುದರಿಂದ ನೇರ ನೋಡಿದಾಗ ಒಪ್ಪುವ ನೀಲಿ ಓರೆಯಲ್ಲಿ ಕಪ್ಪಾಗಿ ಕಾಣಬಹುದು. ಮೊದಲ ಮಿಶ್ರಣ ಹಾಗೆಯೇ ಕಂಡಿತು, ಮತ್ತೆ ಬೆರೆಸಿದರು. ಸುಮಾರು ಮುಕ್ಕಾಲು ಗಂಟೆ ಹಿಡಿದ ಈ ಕೆಲಸಕ್ಕೆ ಬೇರೆ ಹಣ ಕೇಳಲಿಲ್ಲ. ತುಂಬಿಕೊಟ್ಟ ಡಬ್ಬಿಯೊಂದಕ್ಕೆ 650 ರೂಪಾಯಿ.

ದೂರು ಇದು. ನಾಲ್ಕು ಡಬ್ಬಿ ಸಾಕೆಂದು ಅವರೇ ಹೇಳಿದ್ದರು, ಬಲಗಡೆಯ ಫೇರಿಂಗಿನ ಅರ್ಧಕ್ಕೆ ಮುಗಿದುಹೋಯಿತು. ಐದನೆಯ ಡಬ್ಬಿಗಾಗಿ ಮೂರು ವಾರದ ನಂತರ ಹೋದಾಗ ಹಳೆಯ ಮಿಶ್ರಣದ ಲೆಕ್ಕವನ್ನು ಬರೆದಿಟ್ಟಿರಲಿಲ್ಲ. ಕಣ್ಣಂದಾಜಿನಲ್ಲಿ ಬೆರೆಸಿಕೊಟ್ಟ ನೀಲಿ ಕೂದಲೆಳೆಯಷ್ಟು ಗಾಢವಾಗಿತ್ತು. ಪುಣ್ಯಕ್ಕೆ ಫೇರಿಂಗಿನ ಎಡ ಬಲಗಳನ್ನು ಒಂದೇ ನೋಟದಲ್ಲಿ ನೋಡಲು ಯಾರಿಗೂ ಸಾಧ್ಯವಿಲ್ಲ, ಆದ್ದರಿಂದ ಬಲಗಡೆಯನ್ನು ಪೂರ್ತಿ ಹೊಸ ಡಬ್ಬಿಯಲ್ಲಿ ಇನ್ನೊಮ್ಮೆ ಹೊಡೆದು ಸುಮ್ಮನಾದೆ. ಬೇಕಾದದ್ದಕ್ಕಿಂತ ಒಂದು ಡಬ್ಬಿ ಹೆಚ್ಚಾಗಿ ಒಂದೇ ಮಿಶ್ರಣದಲ್ಲಿ ತುಂಬಿಸಿಕೊಳ್ಳುವುದು, ಲೆಕ್ಕದ ಚೀಟಿಯ ಫೋಟೋ ತೆಗೆದುಕೊಳ್ಳುವುದು ಗ್ರಾಹಕರೇ ಮಾಡಬೇಕಾದ ಕೆಲಸ.

ಬಣ್ಣಕ್ಕಿಂತ ಕ್ಲಿಯರ್ ಮುಖ್ಯ ಎಂಬುದನ್ನು ಅಂಗಡಿಯವರು ಮೊದಲ ದಿನವೇ ಹೇಳಿದ್ದರು, ನಾನು ಕೇಳಲಿಲ್ಲ. ಕ್ಲಿಯರ್ ಡಬ್ಬಿಗಳಲ್ಲಿ ಎರಡು ಜಾತಿ. ಸಾಮಾನ್ಯ ಡಬ್ಬಿಯದು 1ಕೆ. ಅದರಲ್ಲಿ ಥಿನ್ನರ್ ಆವಿಯಾಗಿ ಹೋಗಿ ಉಳಿದದ್ದು ಗಟ್ಟಿಯಾಗುತ್ತದೆ, ಮತ್ತೆ ಅಂಥದೇ ದ್ರವ ಬಿದ್ದರೆ ಮತ್ತೆ ಮೆತ್ತಗಾಗುತ್ತದೆ. 2ಕೆ ಎಂದರೆ ಎರಡು ಘಟಕಗಳದ್ದು. ಹಾರ್ಡ್‌ನರ್ ಎಂಬ ಗಟ್ಟಿಕಾರಕ ಸೇರಿದ ಮೇಲೆ ರಾಸಾಯನಿಕವಾಗಿ ಬೆಸೆದುಕೊಂಡು ಗಟ್ಟಿಯಾಗುವುದರಿಂದ ಮತ್ತೆ ಕರಗುವುದಿಲ್ಲ. ಮೊದಲನೆಯದಕ್ಕೆ 300 ರೂಪಾಯಿ, ಎರಡನೆಯದಕ್ಕೆ 1,100. ಅಂದು ಅಂಗಡಿಯಲ್ಲಿ ಪ್ರೈಮರ್ ಕೊಳ್ಳಲು ಬಂದಿದ್ದ ಹಿರಿಯರೊಬ್ಬರು, ಯಾದವಗಿರಿಯ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ತಮ್ಮ ಯೆಜ್ಡಿ ಬೈಕು ಇನ್ನೂ ಓಡುತ್ತಿದೆಯೆಂದು ಹೇಳಿಕೊಂಡು, ನನ್ನ ಕೈಯಲ್ಲಿದ್ದ ಅಗ್ಗದ ಡಬ್ಬಿಯನ್ನು ನೋಡಿ, "ಈ ಊರಲ್ಲಿ ಅಳಿಸದೆ ಇರೋ ಬಣ್ಣ ಒಂದೇ ಕಣಪ್ಪ, ಓಟು ಹಾಕಿದ ಬೆರಳಿಂದು" ಎಂದರು. 1937ರಲ್ಲಿ ಆರಂಭವಾದ ನಮ್ಮೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರಿಂದ ಚುನಾವಣೆಗೆ ಶಾಯಿ ಒದಗಿಸುತ್ತಿರುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಕ್ಕು, 300 ರೂಪಾಯಿಯದನ್ನೇ ತಂದೆ.

ಟ್ಯಾಂಕಿಗೆ ಅದನ್ನು ಹೊಡೆದು, ಹತ್ತು ದಿನ ಒಣಗಿಸಿ, ಹುಣಸೂರು ರಸ್ತೆಯ ಬಂಕೊಂದರಲ್ಲಿ ಪೆಟ್ರೋಲ್ ಹಾಕಿಸಿದೆ. ಹುಡುಗ ನಾಜಲ್ ಹೊರಗೆ ಎಳೆದಾಗ ಮೂರು ಹನಿ ಮುಚ್ಚಳದ ಕೆಳಗೆ ಬಿದ್ದು ಇಳಿಜಾರಿನಲ್ಲಿ ಹರಿಯತೊಡಗಿದವು. ಅಭ್ಯಾಸಬಲದಿಂದ ಬಟ್ಟೆಯಲ್ಲಿ ಒರೆಸಿದೆ, ಬಟ್ಟೆ ನೀಲಿಯಾಯಿತು. ಹನಿ ಹರಿದ ಜಾಡಿನಲ್ಲಿ ಕ್ಲಿಯರ್ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು, ಅಂಗಿಯ ಗುಂಡಿಯಷ್ಟಗಲದ ಒಂದು ಕಡೆ ಬೂದು ಪ್ರೈಮರ್ ಇಣುಕುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ; ಕಬ್ಬಿನ ಸೀಮೆಯ ಬೈಕಿನ ಮೇಲೆ ಕಬ್ಬಿನ ಸಾರ ಬಿದ್ದದ್ದಕ್ಕೆ ದೂರುವುದು ಸರಿಯಲ್ಲವೆಂದು ಸಮಾಧಾನ ಮಾಡಿಕೊಂಡು ಟ್ಯಾಂಕನ್ನು ಮತ್ತೆ ಮೊದಲಿನಿಂದ ಉಜ್ಜಿದೆ. ಇದು ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದ್ದರಿಂದ ಪಂಪಿನ ಪೈಪಿನಲ್ಲಿ ಒತ್ತಡವಿರುತ್ತದೆ; ಟ್ಯಾಂಕ್ ಇಳಿಸುವ ಕೆಲಸವನ್ನು ಎರಡು ಸಲವೂ ಮೆಕ್ಯಾನಿಕ್ಕಿಗೇ ಬಿಟ್ಟೆ.

2ಕೆ ಡಬ್ಬಿಯ ರಚನೆ ಸೊಗಸಾಗಿದೆ. ಹಾರ್ಡ್‌ನರ್ ಒಳಗಿನ ಒಂದು ಚಿಕ್ಕ ಪಾತ್ರೆಯಲ್ಲಿ ಬೇರೆಯಾಗಿ ಕುಳಿತಿರುತ್ತದೆ. ಮುಚ್ಚಳದಲ್ಲಿರುವ ಕೆಂಪು ಗುಂಡಿಯನ್ನು ತೆಗೆದು, ಡಬ್ಬಿಯನ್ನು ತಲೆಕೆಳಗು ಮಾಡಿ, ತಳದ ಕಡ್ಡಿಗೆ ಅದನ್ನು ಸಿಕ್ಕಿಸಿ ಅಂಗೈಯಿಂದ ಬಲವಾಗಿ ಒತ್ತಬೇಕು. ಒಳಗೆ ಏನೋ ಒಡೆದಂತೆ ಕೈಗೆ ತಿಳಿಯುತ್ತದೆ. ಆಮೇಲೆ ಎರಡು ನಿಮಿಷ ಕುಲುಕಬೇಕು. ಅಲ್ಲಿಂದ ಡಬ್ಬಿಯ ಆಯುಷ್ಯ ಎಣಿಕೆಗೆ ಬೀಳುತ್ತದೆ: ನನ್ನ ಡಬ್ಬಿಯ ಮೇಲೆ 24 ಗಂಟೆ ಎಂದಿತ್ತು, ನಮ್ಮ ಫೆಬ್ರವರಿಯ ಬಿಸಿಲಿನಲ್ಲಿ ಅಷ್ಟನ್ನೂ ನಂಬಿಕೊಳ್ಳುವಂತಿಲ್ಲ. ಆದ್ದರಿಂದ ಗುಂಡಿ ಒತ್ತುವ ಮೊದಲು ಎಲ್ಲ ಭಾಗಗಳೂ ಉಜ್ಜಿ, ಬಣ್ಣ ಹೊಡೆದು, ಸಾಲಾಗಿ ನೇತು ಹಾಕಿ ಸಿದ್ಧವಾಗಿರಬೇಕು.

ಇಲ್ಲಿ ಮನೆಯಲ್ಲಿ ಒಂದು ಸಮಸ್ಯೆ ಎದುರಾಯಿತು. ಬಣ್ಣಕ್ಕೆ ಹೇಳಿಮಾಡಿಸಿದ ದಿನವೆಂದರೆ ಇಬ್ಬನಿ ಆರಿ, ಗಾಳಿ ಏಳುವ ಮೊದಲಿನ, ಒಣ ಬಿಸಿಲಿನ ಬೆಳಗು. ಸಂಡಿಗೆ ಇಡಲು ಹೇಳಿಮಾಡಿಸಿದ ದಿನವೂ ಅದೇ. ಸರಸ್ವತಿಪುರದ ನಮ್ಮ ತಾರಸಿಯ ಮುಕ್ಕಾಲು ಭಾಗದಲ್ಲಿ ಹಳೆಯ ಪಂಚೆಯ ಮೇಲೆ ಅರಳು ಸಂಡಿಗೆ ಹರಡಿ ಕುಳಿತಿದ್ದ ಅಮ್ಮ, "ನಿನ್ನ ಬೈಕು ನಾಳೆನೂ ನೀಲಿ ಆಗುತ್ತೆ ಕಣೋ, ನನ್ನ ಸಂಡಿಗೆ ಇವತ್ತೇ ಒಣಗಬೇಕು" ಎಂದು ನನ್ನನ್ನು ಎರಡು ದಿನ ಕಾಯಿಸಿದರು. ಅವರು ಹೇಳಿದ್ದು ತಮಾಷೆಗಲ್ಲ. ಸ್ಪ್ರೇಯ ಮಂಜು ಹತ್ತು ಹದಿನೈದು ಅಡಿಯಾದರೂ ತೇಲಿ ಹೋಗುತ್ತದೆ, ಒಣಗಿದ ಮೇಲೆ ಮರಳಿನಂತೆ ಕೂರುತ್ತದೆ. ಮೂರನೆಯ ದಿನ ತಾರಸಿಗೆ ನೀರು ಚಿಮುಕಿಸಿ ಧೂಳು ಅಡಗಿಸಿ, ಮೂರು ಕಡೆ ಹಳೆಯ ಬೆಡ್‌ಶೀಟ್ ಕಟ್ಟಿಕೊಂಡು ಆರಂಭಿಸಿದೆ.

ಕ್ಲಿಯರ್ ಹೊಡೆಯುವುದು ಬಣ್ಣ ಹೊಡೆಯುವುದಕ್ಕಿಂತ ಸುಲಭ, ಆದರೆ ತಪ್ಪಿದರೆ ದುಬಾರಿ. ಮೊದಲ ಪದರ ತೆಳುವಾಗಿ, ಹನಿಹನಿಯಾಗಿ ಕಾಣುವಷ್ಟು ಮಾತ್ರ. ಹತ್ತು ನಿಮಿಷ ಬಿಟ್ಟು ಎರಡನೆಯದು ಒದ್ದೆಯಾಗಿ, ಕನ್ನಡಿಯಂತೆ. ಮತ್ತೆ ಹತ್ತು ನಿಮಿಷದ ನಂತರ ಮೂರನೆಯದು. ಒಂದು ಗೇಣಿನ ದೂರದಿಂದ, ಪ್ರತಿ ಪಟ್ಟೆಯೂ ಹಿಂದಿನ ಪಟ್ಟೆಯ ಅರ್ಧವನ್ನು ಮುಚ್ಚುವಂತೆ, ಭಾಗದ ಅಂಚಿನಿಂದ ಹೊರಗೇ ಗುಂಡಿ ಒತ್ತಿ ಹೊರಗೇ ಬಿಡಬೇಕು. ಈ ಡಬ್ಬಿಯ ನಾಜಲ್ ಬೀಸಣಿಗೆಯಂತೆ ಅಗಲವಾಗಿ ಹೊಡೆಯುವುದು ಹೊಸಬರಿಗೆ ದೊಡ್ಡ ಅನುಕೂಲ. ಅಂಗಡಿಯವರು ತುಂಬಿಕೊಟ್ಟ ಬಣ್ಣದ ಡಬ್ಬಿಯ ನಾಜಲ್ ದುಂಡಗೆ ಹೊಡೆಯುತ್ತಿದ್ದುದರಿಂದ ಮೆಟಾಲಿಕ್ ನೀಲಿ ಎರಡು ಕಡೆ ಮೋಡ ಕವಿದಂತೆ ಬಂದಿತ್ತು. ಎರಡನೆಯ ಪದರದ ಒದ್ದೆ ಹೊಳಪಿನಲ್ಲಿ ಹಿಂದಿನ ಮನೆಯ ನೀರಿನ ಟ್ಯಾಂಕು, ತೆಂಗಿನ ಗರಿ ಎಲ್ಲ ನೆಟ್ಟಗೆ ಪ್ರತಿಫಲಿಸಿದಾಗ ಆದ ಸಂತೋಷವನ್ನು ವಿಮರ್ಶೆಯಲ್ಲಿ ಬರೆಯಬಾರದೇನೋ. ಒಣಗಿದ ಮೇಲೆ ಕೆಲವೆಡೆ ಕಿತ್ತಳೆ ಸಿಪ್ಪೆಯಂತೆ ತರಿತರಿ ಉಳಿಯಿತು. ವಾರ ಬಿಟ್ಟು 1500, 2000ದ ನಂಬರಿನ ನುಣುಪು ವಾಟರ್ ಪೇಪರಿನಲ್ಲಿ ಸಾಬೂನು ನೀರು ಹಾಕಿ ಉಜ್ಜಿ, ಕಂಪೌಂಡ್ ಎಂಬ ಪಾಲಿಷ್ ಪೇಸ್ಟ್ ಹೊಡೆದಾಗ ಅದು ಹೋಯಿತು. 1ಕೆ ಪದರ ಈ ಉಜ್ಜಾಟವನ್ನು ಇಷ್ಟು ನೆಮ್ಮದಿಯಾಗಿ ತಾಳುವುದಿಲ್ಲ. ಹತ್ತನೆಯ ದಿನ ಟ್ಯಾಂಕಿನ ಕೆಳ ಅಂಚಿನಲ್ಲಿ, ಕಾಣದ ಕಡೆ, ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿದೆ. ಹತ್ತಿ ಬೆಳ್ಳಗೇ ಉಳಿಯಿತು.

ದೋಷಗಳಲ್ಲಿ ಮೊದಲನೆಯದು ಗಂಭೀರವಾದದ್ದು. ಹಾರ್ಡ್‌ನರಿನಲ್ಲಿ ಐಸೊಸೈನೇಟ್ ಇರುತ್ತದೆ. ಅದರ ಮಂಜನ್ನು ಉಸಿರಾಡಿದರೆ ಆಸ್ತಮಾ ಹತ್ತಿಕೊಳ್ಳಬಹುದು, ಒಮ್ಮೆ ಹತ್ತಿಕೊಂಡರೆ ಮುಂದೆ ಅತಿ ಕಡಿಮೆ ಪ್ರಮಾಣವೂ ಉಬ್ಬಸ ತರುತ್ತದೆ. ಇಷ್ಟು ಮುಖ್ಯವಾದ ಸಂಗತಿಯನ್ನು ಡಬ್ಬಿಯ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ ಮುದ್ರಿಸಿದ್ದಾರೆ. ಕೊರೊನಾ ಕಾಲದ ಬಟ್ಟೆಯ ಮಾಸ್ಕು ಇದಕ್ಕೆ ಏನೇನೂ ಸಾಲದು. ರಾಸಾಯನಿಕ ಆವಿಯನ್ನು ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕಿಗೆ ನಾನು 1,400 ಕೊಟ್ಟೆ. ದಿನವೂ ಇದೇ ಕೆಲಸ ಮಾಡುವವರು ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕನ್ನೇ ಹಾಕಬೇಕು. ಕಾರ್ ಶೆಡ್ಡಿನಂಥ ಮುಚ್ಚಿದ ಜಾಗದಲ್ಲಿ, ಮಕ್ಕಳು ಓಡಾಡುವ ಮನೆಯಲ್ಲಿ, ಉಬ್ಬಸವಿರುವವರ ಹತ್ತಿರ ಇದನ್ನು ಹೊಡೆಯಲೇಬಾರದು. ಎರಡನೆಯ ದೋಷ, ಡಬ್ಬಿ ಮುಗಿಯುವ ಹೊತ್ತಿಗೆ ನಾಜಲ್ ಉಗುಳತೊಡಗುತ್ತದೆ. ಕೊನೆಯ ಅರೆ ಮುಷ್ಟಿಯಷ್ಟನ್ನು ಒಳಭಾಗಗಳಿಗೆ ಬಳಸುವುದು ವಾಸಿ.

ಡಬ್ಬಿ ಎಷ್ಟೇ ಒಳ್ಳೆಯದಿದ್ದರೂ ಕೆಳಗಿನ ಮೈ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಹಳೆಯ ಗಾಡಿಗಳನ್ನು ಮಾರುವ ಮೊದಲು ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಪಾಲಿಷ್ ಸವರಿ ಮಿಂಚಿಸುವುದು ರೂಢಿ. ಅದರ ಅಂಶ ಉಳಿದಿದ್ದರೆ ಬಣ್ಣ ಅಲ್ಲಲ್ಲಿ ಸರಿದು ದುಂಡು ಗುಂಡಿಗಳಾಗುತ್ತವೆ. ನನ್ನ ಮುಂಭಾಗದ ಮಡ್‌ಗಾರ್ಡಿನ ಮೇಲೆ ಹಾಗೆ ಹನ್ನೊಂದು ಗುಂಡಿಗಳಾದವು, ಎಣಿಸಿದ್ದೇನೆ. ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆ ತೊಂದರೆಯಾಗಲಿಲ್ಲ. ಫಲಕದ ಹಿಂದೆ ಅದರ ಪ್ಲಾಸ್ಟಿಕ್ಕಿನ ಜಾತಿ ಎಬಿಎಸ್ ಎಂದು ಅಚ್ಚಾಗಿದ್ದರೆ ಅಸಿಟೋನಿನಲ್ಲಿ ಅದೇ ಪ್ಲಾಸ್ಟಿಕ್ಕಿನ ಚೂರು ಕರಗಿಸಿ ಮುರಿದ ಲಾಕ್ ಬೆಸೆಯಬಹುದು. ಪಿಪಿ (ಪಾಲಿಪ್ರೊಪಿಲೀನ್) ಎಂದಿದ್ದರೆ ಅದು ಕರಗುವುದೂ ಇಲ್ಲ, ವಿಶೇಷ ಪ್ರೈಮರ್ ಇಲ್ಲದೆ ಬಣ್ಣ ಹಿಡಿಯುವುದೂ ಇಲ್ಲ.

ಖರ್ಚನ್ನು ಕೂಡಿಸಿ ನೋಡಿದೆ. ಐದು ಡಬ್ಬಿ ಬಣ್ಣಕ್ಕೆ 3,250, ಮೂರು 2ಕೆ ಕ್ಲಿಯರಿಗೆ 3,300, ಪ್ರೈಮರಿಗೆ 1,050, ಮಾಸ್ಕಿಗೆ 1,400, ಪುಟ್ಟಿ, ವಾಟರ್ ಪೇಪರ್, ಟೇಪು, ಕಂಪೌಂಡಿಗೆ 900, ದಂಡವಾದ 1ಕೆ ಡಬ್ಬಿಗೆ 300. ಒಟ್ಟು 10,200 ರೂಪಾಯಿ. ಗ್ಯಾರೇಜಿನವರು ಕೇಳಿದ್ದಕ್ಕಿಂತ 800 ಕಡಿಮೆ, ಆರು ವಾರಾಂತ್ಯಗಳು ಬೇರೆ. ಹಣ ಉಳಿಸುವ ಉದ್ದೇಶದಿಂದ ಈ ಕೆಲಸಕ್ಕೆ ಇಳಿಯಬೇಡಿ ಎನ್ನುತ್ತೇನೆ. ಸ್ವಂತ ಕೈಯಿಂದ ಮಾಡುವ ಆಸೆಯಿದ್ದರೆ ಬಣ್ಣದಲ್ಲಿ ಬೇಕಾದರೆ ಜಿಪುಣತನ ಮಾಡಿ, ಕ್ಲಿಯರಿನಲ್ಲಿ ಮಾಡಬೇಡಿ. ಟ್ಯಾಂಕಿಗಂತೂ 2ಕೆ ಬಿಟ್ಟು ಬೇರೆ ಹಾಕಲೇಬೇಡಿ. ಅಂಗಡಿಗೆ ನಾನು ಮತ್ತೆ ಹೋಗುತ್ತೇನೆ, ಈ ಸಲ ಚೀಟಿ ಬರೆಸಿಕೊಳ್ಳುತ್ತೇನೆ. ಬಾಲದ ಫಲಕದ ಎಡ ಅಡಿಯಲ್ಲಿ ಕ್ಲಿಯರ್ ಇಳಿದು ಹೆಪ್ಪುಗಟ್ಟಿದ ಒಂದು ಉದ್ದನೆಯ ಹನಿ ಹಾಗೆಯೇ ಇದೆ. ಕುಕ್ಕರುಗಾಲಲ್ಲಿ ಕೂತು ಕತ್ತು ಬಗ್ಗಿಸಿದರೆ ಮಾತ್ರ ಕಾಣುತ್ತದೆ. ನೋಡಲು ಬಂದ ಗೆಳೆಯರೆಲ್ಲ ಹಾಗೆಯೇ ಕೂತು ನೋಡಿದ್ದಾರೆ.