ಪೊಟ್ಯಾಷ್ ಕಡಿಮೆ ಎಂಬ ವರದಿ ನಂಬಿ ಗೊಬ್ಬರ ಕೊಳ್ಳುವ ಮುನ್ನ

ಮಂಡ್ಯದ ಬಳಿ ನಾಲೆ ನೀರಿನ ಎರಡು ಎಕರೆಯಲ್ಲಿ ಕೂಳೆ ಕಬ್ಬು ಬಿಟ್ಟಿದ್ದ ನಾನು, ಕಳೆದ ಬೇಸಿಗೆಯಲ್ಲಿ ಒಂದು ಖಾಸಗಿ ಪ್ರಯೋಗಾಲಯಕ್ಕೆ ಮಣ್ಣು ಕೊಟ್ಟಿದ್ದೆ. ಹೆಕ್ಟೇರಿಗೆ 118 ಕೆ.ಜಿ. ಪೊಟ್ಯಾಷ್, ಅಂದರೆ 'ಕಡಿಮೆ' ಎಂದು ವರದಿ ಬಂತು. ಅದನ್ನು ನಂಬಿ ಆರು ಮೂಟೆ ತಂದು, ಮೂರನ್ನು ಸಾಲಿಗೆ ಹಾಕಿಯೂ ಆಗಿತ್ತು. ಆದರೆ ಪೊಟ್ಯಾಷ್ ಕೊರತೆಯಿದ್ದರೆ ಹಳೆಯ ಗರಿಗಳ ಅಂಚು ಸುಟ್ಟಂತೆ ಕಾಣಬೇಕು. ನಮ್ಮ ಕಬ್ಬಿನಲ್ಲಿ ಅಂಥದ್ದೇನೂ ಇರಲಿಲ್ಲ. ಅನುಮಾನ ಬಂದು, ಅದೇ ಮಣ್ಣಿನಲ್ಲಿ ಉಳಿಸಿಕೊಂಡಿದ್ದ ಅರ್ಧವನ್ನು ಮೈಸೂರಿನಲ್ಲಿ ಬೇರೊಂದು ಕಡೆ ಕೊಟ್ಟಾಗ ಬಂದ ಅಂಕಿ 246.

ಮಣ್ಣಿನ ಪೊಟ್ಯಾಷ್ ಅಳೆಯುವುದು ಫ್ಲೇಮ್ ಫೋಟೋಮೀಟರಿನಲ್ಲಿ, ಅಂದರೆ ಉರಿಯ ಬೆಳಕನ್ನು ಅಳೆಯುವ ಯಂತ್ರದಲ್ಲಿ. ಒಲೆಯ ಮೇಲೆ ಉಪ್ಪುನೀರು ಉಕ್ಕಿದಾಗ ಉರಿ ಹಳದಿಯಾಗುವುದನ್ನು ಎಲ್ಲರೂ ನೋಡಿರುತ್ತೀರಿ. ಶಾಖಕ್ಕೆ ಸೋಡಿಯಂ ಪರಮಾಣುವಿನ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಏರಿ, ಮರಳಿ ಇಳಿಯುವಾಗ 589 ನ್ಯಾನೋಮೀಟರಿನ ಬೆಳಕು ಬಿಡುತ್ತದೆ. ಪೊಟ್ಯಾಷಿನಲ್ಲಿರುವ ಪೊಟ್ಯಾಸಿಯಂ ಧಾತುವಿಗೆ ಅಳೆಯುವ ಬೆಳಕು 766.5. ಪ್ರತಿ ಧಾತುವಿಗೂ ತನ್ನದೇ ಗೆರೆಗಳಿರುವುದನ್ನು ಹಿಡಿದೇ ಜರ್ಮನಿಯ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಕಾಫ್ 1860ರಲ್ಲಿ ಸೀಸಿಯಂ ಎಂಬ ಹೊಸ ಧಾತುವನ್ನು ಕಂಡುಹಿಡಿದರು. ಪ್ರಯೋಗಾಲಯದಲ್ಲಿ ಮಣ್ಣನ್ನು ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಅಲುಗಿಸಿ, ಸೋಸಿ, ಆ ತಿಳಿಯನ್ನು ಕೂದಲಿನಷ್ಟು ಸಣ್ಣ ನಳಿಕೆಯಿಂದ ಎಳೆದು ಗ್ಯಾಸಿನ ಉರಿಗೆ ತುಂತುರಾಗಿ ಬಿಡುತ್ತಾರೆ. ಯಂತ್ರಕ್ಕೆ ಕಾಣುವುದು ಬೆಳಕಿನ ಪ್ರಖರತೆ ಮಾತ್ರ; ಅದಕ್ಕೆ ಅರ್ಥ ಬರುವುದು, ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣದ ಜೊತೆ ಹೋಲಿಸಿದಾಗ.

ನನ್ನ ಮಣ್ಣು ಎಡವಿದ್ದು ಅಲ್ಲೇ. ಎರಡೂ ವರದಿ ಹಿಡಿದು ಮೊದಲಿನ ಕಡೆಗೆ ಹೋದಾಗ ಅಲ್ಲಿದ್ದ ಹುಡುಗ ಮರೆಮಾಚದೆ ದಿನಚರಿ ತೆರೆದು ತೋರಿಸಿದ. ಸ್ಟ್ಯಾಂಡರ್ಡ್ ಓದಿಸಿದ್ದು ಬೆಳಿಗ್ಗೆ ಒಮ್ಮೆ ಮಾತ್ರ. ನನ್ನದು 47ನೆಯ ಮಾದರಿ. ಅದರ ಹಿಂದಿನ ಹತ್ತು ಮಾದರಿಗಳ ಅಂಕಿಗಳೂ ಮೆಟ್ಟಿಲಿಳಿದಂತೆ ಇಳಿದಿದ್ದವು. ನನ್ನೆದುರೇ ಇಪ್ಪತ್ತು ಮಾದರಿ ಓದಿಸಿ 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಭಾಗ) ಸ್ಟ್ಯಾಂಡರ್ಡ್ ಇಟ್ಟಾಗ ಯಂತ್ರ 29 ತೋರಿಸಿತು. ಸಣ್ಣ ತಂತಿಯಿಂದ ನಳಿಕೆ ಚುಚ್ಚಿ, ನೀರು ಎಳೆಸಿದ ಮೇಲೆ ಪುನಃ 40. ಸರಿಯಾಗಿ ಸೋಸದ ಮಣ್ಣಿನ ಕಣ ನಳಿಕೆಯಲ್ಲಿ ಕಟ್ಟಿಕೊಂಡು, ಉರಿಗೆ ಹೋಗುವ ದ್ರಾವಣವೇ ಕಡಿಮೆಯಾಗುತ್ತಿತ್ತು. ಉರಿಗೆ ಬಾರದ ಪೊಟ್ಯಾಷ್ ಹೊಲದಲ್ಲೂ ಇಲ್ಲವೆಂದು ಬರೆದಂತಾಯಿತು.

ಆದ್ದರಿಂದ ಮಣ್ಣು ಕೊಡುವಾಗ, ಎಷ್ಟು ಮಾದರಿಗೊಮ್ಮೆ ಸ್ಟ್ಯಾಂಡರ್ಡ್ ಓದಿಸುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಹತ್ತಕ್ಕೊಮ್ಮೆ ಎಂದರೆ ನೆಮ್ಮದಿ, ಬೆಳಿಗ್ಗೆ ಒಮ್ಮೆ ಎಂದರೆ ಚೀಲ ಹಿಂದಕ್ಕೆ ತನ್ನಿ. ಅರ್ಧ ಮಣ್ಣನ್ನು ಗುರುತು ಬರೆದು ಮನೆಯಲ್ಲೇ ಇಟ್ಟುಕೊಳ್ಳಿ, ಆದರೆ ಗೊಬ್ಬರದ ಹಳೆಯ ಚೀಲದಲ್ಲಿ ಮಾತ್ರ ಬೇಡ. ಸತು, ಬೋರಾನ್‌ಗಳ ಅಂಕಿಯನ್ನೂ ಇದೇ ಉರಿಯಂತ್ರದಿಂದ ಕೊಡುತ್ತೇವೆಂದರೆ ನಂಬಬೇಡಿ. ಸೋಡಿಯಂ, ಪೊಟ್ಯಾಸಿಯಂಗಳನ್ನು ಕೆರಳಿಸಲು ಈ ಉರಿ ಸಾಕು, ಸತುವಿಗೆ ಸಾಲದು. ಹೊರಸೂಸುವ ಬೆಳಕಿನಿಂದಲೇ ಅದನ್ನು ಅಳೆಯಬೇಕಾದರೆ 6000 ಕೆಲ್ವಿನ್ ಮೀರಿದ ಆರ್ಗಾನ್ ಪ್ಲಾಸ್ಮಾದ, ಅಂದರೆ ಅತಿ ಬಿಸಿಯಾದ ಅನಿಲದ, ಐಸಿಪಿ ಎಂಬ ಯಂತ್ರ ಬೇಕು.

ಪರೀಕ್ಷೆಯ ಶುಲ್ಕವನ್ನು ಅವರು ಹಿಂದಿರುಗಿಸಿದರು. ಉಳಿದ ಮೂರು ಮೂಟೆಗಳನ್ನು ಗೊಬ್ಬರದಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.